ಕೊನೆಯ ಪುಟಕ್ಕೆ ತಳ್ಳಿದ ನಿಯಮ

ನನ್ನ ಸೋದರಮಾವನ ಕೆಲಸ ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಮುಂಬಯಿಯ ವಿಲೆ ಪಾರ್ಲೆಯ ಉಡುಪಿ ಹೋಟೆಲೊಂದರ ಪಾರ್ಸೆಲ್ ಕೌಂಟರಿನಲ್ಲಿ. ಅವರನ್ನು ಕೆಡವಿದ ಎರಡು ಬಣ್ಣಗಳನ್ನು ಲೆಕ್ಕ ಹಾಕಿ ಕೊಟ್ಟವನು ನಾನು, ಘಾಟ್ಕೋಪರಿನ ಆಫೀಸೊಂದರ ಎ.ಸಿ. ಕೋಣೆಯಲ್ಲಿ ಕೂತು. ಇದನ್ನು ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಹೇಳಿದ್ದರೆ ನಾಲ್ಕು ಮಾತು ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. ಹೇಳುವವರಿಲ್ಲದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಮ್ಮ ಕಂಪನಿ ಹೋಟೆಲುಗಳಿಗೆ ಆರ್ಡರ್ ಪರದೆ ಮಾಡಿಕೊಡುತ್ತದೆ. ಗಿರಾಕಿ ಟೇಬಲಿನಲ್ಲಿ ಹೇಳಿದ್ದು, ಮನೆಯಲ್ಲಿ ಕೂತು ಫೋನಿನಲ್ಲಿ ಒತ್ತಿದ್ದು, ಎಲ್ಲವೂ ಅಡುಗೆಮನೆಯ ಗೋಡೆಯ ಮೇಲೂ ಪಾರ್ಸೆಲ್ ಕೌಂಟರಿನ ಮೇಲೂ ಮೂಡುತ್ತದೆ. ಆ ಪರದೆಯ ಗುಂಡಿ ಎಷ್ಟು ದೊಡ್ಡದಿರಬೇಕು, ಅಕ್ಷರ ಯಾವುದು, ಬಣ್ಣ ಯಾವುದು ಎಂಬುದಕ್ಕೆಲ್ಲ ತಂಡದೊಳಗೆ ಒಂದು ನಿಯಮಗಳ ಪುಸ್ತಕವಿದೆ. ಡಿಸೈನ್ ಸಿಸ್ಟಮ್ ಎನ್ನುತ್ತಾರೆ. ಪುಸ್ತಕವೆಂದರೆ ಕಾಗದದ್ದಲ್ಲ, ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಪುಟಗಳು. ತಂಡದಲ್ಲಿ ಪರದೆಯ ಚಿತ್ರ ಬಿಡಿಸುವವರು ಹತ್ತು ಮಂದಿ, ನಿಯಮ ಬರೆಯುವವನು ನಾನೊಬ್ಬ. ನಾನು ಬರೆದದ್ದನ್ನು ಓದಿದ್ದೇವೆ ಎಂದು ಎಲ್ಲರೂ ಹೇಳುತ್ತಾರೆ. ಓದುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನನ್ನ ಕಣ್ಣಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಎರಡೂ ಹಳೆಯ ಗೋಣಿಚೀಲದ ಬಣ್ಣಕ್ಕೆ ಹತ್ತಿರ ಬಂದು ನಿಲ್ಲುತ್ತವೆ; ಒಂದು ತಿಳಿಯಾಗಿ ಇನ್ನೊಂದು ಗಾಢವಾಗಿ ಇದ್ದರೆ ಹೇಗೋ ಬಿಡಿಸಿಕೊಳ್ಳುತ್ತೇನೆ, ಎರಡೂ ಒಂದೇ ಸಮ ಗಾಢವಿದ್ದರೆ ಮುಗಿಯಿತು. ಕಾಲೇಜು ಮುಗಿಸಿ ರೈಲ್ವೆಯ ಬರವಣಿಗೆಯ ಪರೀಕ್ಷೆ ಪಾಸಾಗಿ, ಮನೆಯಲ್ಲಿ ಪಾಯಸ ಮಾಡಿ ಉಂಡ ಮೇಲೆ, ವೈದ್ಯಕೀಯ ತಪಾಸಣೆಯಲ್ಲಿ ಚುಕ್ಕೆಗಳ ಪುಸ್ತಕವೊಂದನ್ನು ಮುಂದಿಟ್ಟರು. ಚುಕ್ಕೆಗಳೊಳಗಿನ ಅಂಕಿ ಓದಬೇಕು. ನನಗೆ ಬರೀ ಚುಕ್ಕೆ ಕಂಡವು. ಪುಟ ತಿರುಗಿಸುತ್ತಿದ್ದವರು ಮೂರನೆಯದಕ್ಕೇ ಪುಸ್ತಕ ಮುಚ್ಚಿದರು.

ಹೊರಗೆ ನನಗಾಗಿ ಕಾಯುತ್ತಿದ್ದವರು ಮಾವ, ಅಮ್ಮನ ಅಣ್ಣ. ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಚಹಾ ಕೊಡಿಸಿ, ಅಕ್ಕಪಕ್ಕ ನೋಡಿ, ಮೆಲ್ಲಗೆ ಹೇಳಿದರು. ನಮ್ಮ ಮನೆಮಾತು ತುಳು. ಇಲ್ಲಿ ಅದನ್ನು ನಮ್ಮ ಕರಾವಳಿ ಕಡೆಯ ಕನ್ನಡದಲ್ಲಿ ಕೊಡುತ್ತೇನೆ.

"ನನಗೂ ಹಾಗೆಯೇ ಮಾರಾಯ. ಸಿಗ್ನಲಿನಲ್ಲಿ ಮೇಲಿನದು ಹೊತ್ತಿದ್ರೆ ನಿಲ್ಲುವುದು, ಕೆಳಗಿನದು ಹೊತ್ತಿದ್ರೆ ಹೋಗುವುದು. ಬಣ್ಣ ಕಟ್ಟಿಕೊಂಡು ಎಂತ ಆಗ್ಬೇಕು? ಆದ್ರೆ ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ. ಒಮ್ಮೆ ಹೇಳಿದ್ರೆ ಕುರುಡ ಅಂತ ಹೆಸರು ಇಟ್ಟುಬಿಡ್ತಾರೆ."

ನಮ್ಮಲ್ಲಿ ಅಳಿಯಕಟ್ಟು. ಆಸ್ತಿ ಅಪ್ಪನಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಬರುವ ಹಳೆಯ ಪದ್ಧತಿ. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ನಮ್ಮವರ ಕಣ್ಣು ಬದಲಾಗಿಲ್ಲ. ಅಳಿಯನ ಮೂಗು, ಸಿಟ್ಟು, ಬೋಳುತಲೆ, ಏನನ್ನು ಕಂಡರೂ ಮೊದಲು ಮಾವನ ಕಡೆಗೆ ತಿರುಗಿ ನೋಡುತ್ತಾರೆ. ನನ್ನ ಮಾವನ ಹತ್ತಿರ ಗದ್ದೆಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಅವರಿಂದ ನನಗೆ ಇಳಿದು ಬಂದದ್ದು ಈ ಕಣ್ಣು. ಇದು ತಾಯಿಯ ಕಡೆಯಿಂದ ಬರುವಂಥದ್ದು, ಮಾವನಿಗಿದ್ದರೆ ಅಳಿಯನಿಗೂ ಇರಬಹುದು ಎಂದು ಆಮೇಲೆ ಡಾಕ್ಟರರೊಬ್ಬರೂ ಹೇಳಿದರು. ನಮ್ಮ ಊರಿನ ಅಜ್ಜಿಯರಿಗೆ ಡಾಕ್ಟರು ಬೇಕಾಗಿರಲಿಲ್ಲ.

ಮಾವ ಹದಿನೇಳಕ್ಕೆ ಮುಂಬಯಿಗೆ ಬಂದು, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕೊನೆಗೆ ಅದೇ ಹೋಟೆಲಿನ ಪಾರ್ಸೆಲ್ ಕೌಂಟರಿಗೆ ಬಂದು ನಿಂತವರು. ಹೆಂಡತಿ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಹೋಟೆಲಿನ ಮೇಲಿನ ಕೆಲಸಗಾರರ ಕೋಣೆಯಲ್ಲೇ ವಾಸ. ಅವರ ಕಣ್ಣಿನ ಸಂಗತಿ ಧಣಿಗಳಿಗೂ ಗೊತ್ತಿರಲಿಲ್ಲ. ಕೆಂಪು ಚಟ್ನಿ ಎಡಗಡೆ, ಹಸಿರು ಚಟ್ನಿ ಬಲಗಡೆ. ಪಾತ್ರೆ ಯಾರಾದರೂ ಆಚೀಚೆ ಮಾಡಿದರೆ ಮೂಸಿ ನೋಡಿ ಸರಿಮಾಡುವರು. ಬಾಳೆಹಣ್ಣನ್ನು ಒತ್ತಿ ನೋಡುವರು. ಈ ಉಪಾಯಗಳೇ ಅವರ ವಿದ್ಯೆ. ಆ ಕೌಂಟರ್ ಬಿಟ್ಟರೆ ಅವರಿಗೆ ಬೇರೆ ಜಾಗವೂ ಇರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ.

ನಾನು ಬಣ್ಣದ ಆಫೀಸಿಗೆ ಹೇಗೆ ಬಂದೆ ಎಂದು ನೀವು ಕೇಳಬಹುದು. ನಾನು ಬಂದದ್ದು ಇಂಗ್ಲಿಷ್ ಬರೆಯಲು. ಬಂದ ಮೇಲೆ ಕಂಡುಕೊಂಡೆ, ಅಲ್ಲಿ ಪ್ರತಿ ಬಣ್ಣಕ್ಕೂ ಆರು ಅಕ್ಷರದ ಒಂದು ಸಂಖ್ಯೆಯಿದೆ. ನಾನು ಆ ಸಂಖ್ಯೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಬಿಡಿಸುವವರು ಕಣ್ಣಿನ ಮೇಲೆ ಭಾರ ಹಾಕಿ ಒಂದಕ್ಕೆ ಇನ್ನೊಂದನ್ನು ಹಾಕಿಬಿಡುತ್ತಿದ್ದರು. ನಾನು ಸಂಖ್ಯೆ ನೋಡಿ, ಇದು ನಮ್ಮ ಕೆಂಪಲ್ಲ, ಹೋದ ವರ್ಷದ್ದು ಎನ್ನುತ್ತಿದ್ದೆ. ಎರಡು ವರ್ಷದಲ್ಲಿ ನನಗೆ ಹದ್ದಿನ ಕಣ್ಣು ಎಂಬ ಬಿರುದು ಬಂತು. ಹೊಸಬರಿಗೆ ನನ್ನನ್ನು ಹಾಗೆಯೇ ಪರಿಚಯ ಮಾಡಿಸುತ್ತಿದ್ದರು. ನಾನು ನಗುತ್ತಿದ್ದೆ. ಈಗ ಆ ನಗು ನೆನೆದರೆ ಮೈಯುರಿಯುತ್ತದೆ.

ಪಾರ್ಲೆಯ ಆ ಹೋಟೆಲಿಗೆ ನಮ್ಮ ಪರದೆ ಹೋದದ್ದೂ ನನ್ನಿಂದಲೇ. ಧಣಿಗಳು ನಮ್ಮ ಊರಿನವರು. ಅಳಿಯನ ಕಂಪನಿಯದ್ದು ಎಂದು ಮಾವ ಹೇಳಿದ್ದೇ ಸಾಕಾಯಿತು. ಅಲ್ಲಿ ಮುಖ್ಯವಾದದ್ದು ಒಂದೇ: ಜೈನ್ ಆರ್ಡರ್ ಯಾವುದು, ಸಾದಾ ಆರ್ಡರ್ ಯಾವುದು. ಪಾರ್ಲೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಆಲೂಗೆಡ್ಡೆ ಮುಟ್ಟದ ಜೈನ ಗಿರಾಕಿಗಳು ಬಹಳ. ಹಾಗಾಗಿ ಸಾಂಬಾರ್ ಎರಡು ಪಾತ್ರೆಯಲ್ಲಿ ಕುದಿಯುತ್ತದೆ, ದೊಡ್ಡದರಲ್ಲಿ ಸಾದಾ, ಚಿಕ್ಕದರಲ್ಲಿ ಜೈನ್. ಹಿಂದೆ ಚೀಟಿಯಲ್ಲಿ ಜೈನ್ ಎಂದು ಬರೆದು ಸುತ್ತ ಗೆರೆ ಎಳೆಯುತ್ತಿದ್ದರು. ನಮ್ಮ ಪರದೆಯಲ್ಲಿ ಪ್ರತಿ ಆರ್ಡರಿನ ತಲೆಯ ಮೇಲೆ ಬೆರಳಗಲದ ಪಟ್ಟಿ, ಅದರ ಮೇಲೆ ಆರ್ಡರಿನ ನಂಬರು. ಜೈನ್ ಆದರೆ ತಿಳಿ ಗಿಳಿಹಸಿರು ಪಟ್ಟಿ, ಕಪ್ಪು ಅಕ್ಷರ. ಸಾದಾ ಆದರೆ ಗಾಢ ಕೆಂಪು ಪಟ್ಟಿ, ಬಿಳಿ ಅಕ್ಷರ. ಒಂದು ತಿಳಿ, ಒಂದು ಗಾಢ. ನನಗೂ ಮಾವನಿಗೂ ಅಷ್ಟು ಸಾಕಾಗಿತ್ತು. ಅವರು ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ಊರೂರಿನಲ್ಲಿ ಶಾಖೆಗಳಿರುವ ದೊಡ್ಡದೊಂದು ಹೋಟೆಲ್ ಬಳಗ ನಮ್ಮ ಪರದೆ ಕೊಳ್ಳಲು ಬಂತು. ಬಣ್ಣದ ವಿಷಯದಲ್ಲಿ ನೀವು ಯಾವ ನಿಯಮ ಪಾಲಿಸುತ್ತೀರಿ ಎಂದು ಅವರು ಕೇಳಿದರು. ನಾವು ಯಾವುದನ್ನೂ ಪಾಲಿಸುತ್ತಿರಲಿಲ್ಲ. ಹಾಗೆನ್ನಲು ಆಗುತ್ತದೆಯೇ? ಹೊರದೇಶದವರು ಎಲ್ಲರಿಗಾಗಿ ಬರೆದಿಟ್ಟ ಬಣ್ಣದ ನಿಯಮಾವಳಿಯೊಂದಿತ್ತು. ಅದನ್ನು ನಮ್ಮ ಪುಸ್ತಕಕ್ಕೆ ಇಳಿಸಿ, ಎಂಟು ಪುಟ ಮೀರದ ಹಾಗೆ ಎಂದು ನಮ್ಮ ತಂಡದ ಮುಖ್ಯಸ್ಥೆ ನನಗೆ ಹೇಳಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ಚುರುಕಿನವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಆ ನಿಯಮಾವಳಿಯನ್ನು ಅಂಧೇರಿಯಿಂದ ಘಾಟ್ಕೋಪರಿಗೆ ಹೋಗುವ ಮೆಟ್ರೋದಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓದಿದೆ. ನಮಗೆ ಬೇಕಾದವು ಎರಡು ನಿಯಮ. ಮೊದಲನೆಯದರಲ್ಲಿ ಅಂಕಿಯಿತ್ತು: ಅಕ್ಷರಕ್ಕೂ ಅದರ ಹಿಂದಿನ ಬಣ್ಣಕ್ಕೂ ಬೆಳಕಿನಲ್ಲಿ ಕನಿಷ್ಠ ಇಷ್ಟು ಪಟ್ಟು ವ್ಯತ್ಯಾಸವಿರಬೇಕು. ಎರಡನೆಯದರಲ್ಲಿ ಅಂಕಿ ಇರಲಿಲ್ಲ: ಯಾವ ಮಾತನ್ನೂ ಬರೀ ಬಣ್ಣದಿಂದ ಹೇಳಬೇಡಿ, ಜೊತೆಗೆ ಒಂದು ಪದವನ್ನೋ ಗುರುತನ್ನೋ ಇಡಿ, ಏಕೆಂದರೆ ಕೆಲವರಿಗೆ ಬಣ್ಣಗಳು ಬೇರೆಯಾಗಿ ಕಾಣುವುದಿಲ್ಲ.

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಕಣ್ಣು ತುಂಬಿ ಬಂತು. ನನ್ನನ್ನು ಕಂಡೇ ಇರದ ಯಾರೋ ಎಲ್ಲೋ ಕೂತು, ಚುಕ್ಕೆಗಳ ಪುಸ್ತಕ ಮುಚ್ಚದೆ, ನಮಗೂ ಓದಲು ಬರುವ ಹಾಗೆ ಮಾಡಿ ಎಂದು ಬರೆದಿದ್ದರು. ಅಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದು ತಪ್ಪೇನೂ ಅಲ್ಲ, ಬರೀ ಒಂದು ಕಣ್ಣು ಎಂದು ಆ ದಿನ ಮೊದಲ ಸಲ ಅನ್ನಿಸಿತು. ಆಫೀಸಿಗೆ ಹೋಗಿ ಆ ನಿಯಮವನ್ನೇ ಮೊದಲ ಪುಟದ ಮೊದಲ ಸಾಲಾಗಿ ಹಾಕಿದೆ. ಉದಾಹರಣೆಗೆ ನಮ್ಮ ಜೈನ್ ಪಟ್ಟಿಯನ್ನೇ ಕೊಟ್ಟೆ: ಪಟ್ಟಿಯ ಮೇಲೆ ನಂಬರಿನ ಪಕ್ಕದಲ್ಲಿ ಜೈನ್ ಎಂಬ ಪದ ಇರತಕ್ಕದ್ದು.

ಹೊರಗಿನ ನಿಯಮವನ್ನು ಒಳಗಿನದ್ದಾಗಿ ಮಾಡುವುದೆಂದರೆ ರೆಡಿಮೇಡ್ ಪ್ಯಾಂಟನ್ನು ದರ್ಜಿಯ ಹತ್ತಿರ ಒಯ್ದ ಹಾಗೆ. ಎಲ್ಲರೂ ಕತ್ತರಿಸು ಎಂದೇ ಹೇಳುತ್ತಾರೆ. ಎಲ್ಲ ಪಟ್ಟಿಗಳ ಅಕ್ಷರ ಬಿಳಿಯೇ ಇರಲಿ, ಅಲ್ಲಿ ಕಪ್ಪು ಇಲ್ಲಿ ಬಿಳಿ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಡಿಸುವವರು ತೀರ್ಮಾನಿಸಿದರು. ತಿಳಿಹಸಿರಿನ ಮೇಲೆ ಬಿಳಿ ಅಕ್ಷರ ಇಟ್ಟರೆ ಅಂಕಿಯ ನಿಯಮ ಪಾಸಾಗುವುದಿಲ್ಲ. ಹಾಗಾದರೆ ಹಸಿರನ್ನು ಗಾಢ ಮಾಡಿ ಎಂದರು. ಜೊತೆಗೆ ಎಲ್ಲ ಪಟ್ಟಿಗಳೂ ಒಂದೇ ತೂಕದವಾಗಿ ಕಾಣಬೇಕು, ಒಂದು ಮುಂದೆ ಒಂದು ಹಿಂದೆ ಅನ್ನಿಸಬಾರದು ಎಂದರು. ಸಂಖ್ಯೆ ಲೆಕ್ಕ ಹಾಕುವುದು ಯಾರು? ಹದ್ದಿನ ಕಣ್ಣಿನವನು. ನಾನು ಒಂದು ಮಧ್ಯಾಹ್ನವೆಲ್ಲ ಕೂತು, ಬಿಳಿ ಅಕ್ಷರದೊಂದಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಒಂದೇ ವ್ಯತ್ಯಾಸ ಬರುವ ಒಂದು ಹಸಿರನ್ನೂ ಒಂದು ಕೆಂಪನ್ನೂ ಹುಡುಕಿ ಕೊಟ್ಟೆ. ಅಂಕಿಗಳು ಕಣ್ಣಿಗೆ ಹಬ್ಬವಾಗಿದ್ದವು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಆ ಎರಡು ಪಟ್ಟಿಗಳನ್ನು ಪರದೆಯ ಮೇಲೆ ಹಾಕಿ ತೋರಿಸಿದರು. ನನಗೆ ಎರಡೂ ಒಂದೇ. ಒಂದೇ ಗೋಣಿಚೀಲದಿಂದ ಹರಿದ ಎರಡು ತುಂಡು. ಬಿಳಿ ಅಕ್ಷರದೊಂದಿಗೆ ಎರಡಕ್ಕೂ ಸಮನಾದ ವ್ಯತ್ಯಾಸ ಬೇಕೆಂದು ಹಟ ಹಿಡಿದು ತಿಳಿ ಗಾಢದ ಭೇದವನ್ನು ನಾನೇ ಅಳಿಸಿ ಹಾಕಿದ್ದೆ. ಆ ಕ್ಷಣದಲ್ಲೇ ಪಾರ್ಲೆಯ ಕೌಂಟರ್ ನೆನಪಾಯಿತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಪೂರ್ತಿ ಗೊತ್ತಿತ್ತು.

ಆ ವಾರದ ಮೀಟಿಂಗಿನಲ್ಲಿ ನನ್ನ ಮೊದಲ ಪುಟ ಚರ್ಚೆಗೆ ಬಂತು. ಬೆರಳಗಲದ ಪಟ್ಟಿಯಲ್ಲಿ ನಂಬರಿನ ಜೊತೆ ಪದವನ್ನೂ ತುರುಕಿದರೆ ಬಸ್ಸಿನ ಬೋರ್ಡಿನ ಹಾಗೆ ಕಾಣುತ್ತದೆ ಎಂದು ಬಿಡಿಸುವವರಲ್ಲೊಬ್ಬರು ಹೇಳಿದರು. ಅಂಕಿಯ ನಿಯಮ ಪಾಸಾಗಿದೆಯಲ್ಲ, ಅಷ್ಟು ಸಾಲದೇ ಎಂದರು ಇನ್ನೊಬ್ಬರು. ಸಾಲದು, ಕೆಲವರಿಗೆ ಈ ಎರಡು ಬಣ್ಣ ಒಂದೇ ಥರ ಕಾಣುತ್ತದೆ ಎಂದೆ ನಾನು. ಮುಖ್ಯಸ್ಥೆ ನನ್ನ ಕಡೆ ತಿರುಗಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು.

"ಐಸಾ ಕೋಯೀ ಹೈ ಕ್ಯಾ? ಆಪ್ ಕಿಸೀ ಕೋ ಜಾನತೇ ಹೋ?"

ಅಂಥವರು ಯಾರಾದರೂ ಇದ್ದಾರಾ, ನಿಮಗೆ ಗೊತ್ತಾ. ಇಷ್ಟು ಸರಳವಾದ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಹತ್ತು ಮಂದಿ ನನ್ನ ಮುಖ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ನಾನು, ಎಂಬ ಎರಡಕ್ಷರ ಸಾಕಿತ್ತು. ಅದನ್ನು ಹೇಳಿದ್ದರೆ ಬಿರುದು ಹೋಗುತ್ತಿತ್ತು. ಇಷ್ಟು ವರ್ಷ ಬಣ್ಣದ ಪುಟ ಬರೆದವನಿಗೆ ಬಣ್ಣವೇ ಕಾಣುವುದಿಲ್ಲವಂತೆ ಎಂದು ಊಟದ ಮೇಜಿನಲ್ಲಿ ನಗುತ್ತಿದ್ದರು. ಮುಂದಿನ ಸಲ ಜನ ಕಡಿಮೆ ಮಾಡುವಾಗ ನನ್ನ ಹೆಸರು ಮೇಲೆ ಬರುತ್ತಿತ್ತು. ಇದೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿತು.

"ನಹೀಂ. ಗೈಡ್‌ಲೈನ್ ಮೇ ಲಿಖಾ ಹೈ, ಇಸ್‌ಲಿಯೇ ಬೋಲಾ," ಎಂದೆ. ಇಲ್ಲ, ನಿಯಮಾವಳಿಯಲ್ಲಿ ಬರೆದಿದೆ, ಅದಕ್ಕೆ ಹೇಳಿದೆ, ಅಷ್ಟೇ.

ನನ್ನ ನಿಯಮ ಕೊನೆಯ ಪುಟಕ್ಕೆ ಹೋಯಿತು. ಕೊನೆಯ ಪುಟದ ತಲೆಬರಹ 'ಮುಂದೆ ಮಾಡುವ ಕೆಲಸಗಳು'. ಯಾರದಾದರೂ ಮೂಗಿಗೆ ತುಪ್ಪ ಸವರಬೇಕಾದಾಗ ಅವರ ಮಾತನ್ನು ಅಲ್ಲಿ ಬರೆದಿಡುತ್ತೇವೆ. ಅಲ್ಲಿಗೆ ಹೋದ ಯಾವ ಕೆಲಸವೂ ವಾಪಸು ಬಂದದ್ದನ್ನು ನಾನು ನೋಡಿಲ್ಲ. ಸಾಲನ್ನು ಮೊದಲ ಪುಟದಿಂದ ಕತ್ತರಿಸಿ ಅಲ್ಲಿ ಅಂಟಿಸಿದವನೂ ನಾನೇ, ಅದು ನನ್ನ ಕೆಲಸ.

ಮಾವನಿಗೆ ಹೇಳೋಣ ಎಂದು ಭಾನುವಾರ ಕಾಂದಿವಲಿಯಿಂದ ಪಾರ್ಲೆಗೆ ಹೋದೆ. ಕೌಂಟರಿನ ಪಕ್ಕದಲ್ಲೇ ಗಲ್ಲಾಪೆಟ್ಟಿಗೆಯ ಮುಂದೆ ಧಣಿಗಳು ಕೂತಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಪರದೆ ಮುಟ್ಟುತ್ತಾ ಇನ್ನೊಂದು ಕೈಯಲ್ಲಿ ಡಬ್ಬಿ ಮುಚ್ಚುತ್ತಾ ಇದ್ದರು.

"ಮಾವ, ಬರುವ ವಾರ ಸ್ಕ್ರೀನ್ ಬದಲಾಗ್ತದೆ. ಬಣ್ಣ ಸ್ವಲ್ಪ ಬೇರೆ. ಜಾಗ್ರತೆ," ಎಂದೆ.

"ಎಂತ ಜಾಗ್ರತೆ? ನೀನು ಮಾಡಿದ್ದಲ್ವಾ, ಸರಿಯೇ ಇರ್ತದೆ," ಎಂದರು. ಮತ್ತೆ ಧಣಿಗಳಿಗೆ ಕೇಳುವ ಹಾಗೆ, "ಇದಕ್ಕೆ ಬೇಕಾದ್ದೆಲ್ಲ ಬರೆಯುವುದು ನಮ್ಮ ಅಳಿಯನೇ. ಅವನ ಮೇಲೆ ಯಾರೂ ಇಲ್ಲ."

ಹಿಂದಿನ ಗಲ್ಲಿಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ನೀನು ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಅವರು ಕಳಿಸಿದ ಮಸಾಲೆದೋಸೆ ತಿಂದು, ಮೇಲೆ ಕಾಫಿ ಕುಡಿದು, ಲೋಕಲ್ ರೈಲು ಹತ್ತಿ ಮನೆಗೆ ಬಂದೆ. ಹೇಡಿತನಕ್ಕೆ ಬೇರೆ ಹೆಸರಿದ್ದರೆ ಯಾರಾದರೂ ಹೇಳಿ.

ಹೊಸ ಪರದೆ ಬಂದ ಮೇಲೆ ಏನಾಯಿತು ಎಂಬುದನ್ನು ಆಮೇಲೆ ನನಗೆ ಹೇಳಿದವನು ಅಡುಗೆಮನೆಯಲ್ಲಿ ಸಾಂಬಾರ್ ತುಂಬಿಸಿ ಕೊಡುವ ಬಾಗಲಕೋಟೆ ಕಡೆಯವನು. ಮೊದಲ ಎರಡು ದಿನ ಮಾವ ಪ್ರತಿ ಪಾರ್ಸೆಲಿಗೂ ಒಳಗೆ ತಲೆ ಹಾಕಿ, ಇದು ಜೈನಾ, ಇದು ಜೈನಾ ಎಂದು ಕೇಳಿದರಂತೆ.

"ನಾನೂ ಸಿಟ್ಟಿಗೆದ್ದು ಅಂದ್ಬಿಟ್ಟೆ ನೋಡ್ರಿ," ಎಂದ ಅವನು. "ಏನ್ರೀ ಅಣ್ಣಾರ, ಬಣ್ಣ ಕಣ್ಮುಂದ ಐತಿ, ಮತ್ ಮತ್ ಯಾಕ್ ಕೇಳ್ತೀರಿ ಅಂದೆ. ಸೇಠ್ರೂ ಕೇಳಿಸ್ಕೊಂಡ್ರು. ಅವತ್ತಿಂದ ಕೇಳೋದು ಬಿಟ್ಬಿಟ್ರು. ನನಗೇನ್ ಗೊತ್ರೀ?"

ಕೇಳುವುದು ಬಿಟ್ಟ ಮೇಲೆ ಮಾವ ನೆನಪಿನಿಂದ ಕೆಲಸ ಮಾಡಿರಬೇಕು. ಇಂಥ ಮನೆಯವರು ಜೈನರು, ಇಂಥವರು ಅಲ್ಲ ಎಂದು. ಕೌಂಟರಿಗೆ ಬರುವವರ ಮುಖ ಗೊತ್ತಿತ್ತು. ಫೋನಿನಿಂದ ಬರುವ ಆರ್ಡರಿಗೆ ಮುಖ ಎಲ್ಲಿಂದ ಬರಬೇಕು? ಆ ಭಾನುವಾರ ಬೆಳಗಿನ ಗದ್ದಲದಲ್ಲಿ ಒಂದರ ಹಿಂದೆ ಒಂದು ಎರಡು ಇಡ್ಲಿ ಸಾಂಬಾರ್ ಆರ್ಡರ್ ಬಂದವು, ಎರಡೂ ಫೋನಿನಿಂದ, ಒಂದು ಜೈನ್, ಒಂದು ಸಾದಾ. ಒಳಗಿನಿಂದ ಬಂದ ಜೈನ್ ಡಬ್ಬಿಯನ್ನು ಮಾವ ಸಾದಾ ಆರ್ಡರಿಗೂ, ಸಾದಾ ಡಬ್ಬಿಯನ್ನು ಜೈನ್ ಆರ್ಡರಿಗೂ ಕಟ್ಟಿ ಕಳಿಸಿದರು.

ಜೈನ್ ಆರ್ಡರ್ ಎದುರಿನ ಬಿಲ್ಡಿಂಗಿನ ಹೆಂಗಸೊಬ್ಬರದ್ದು. ಎಷ್ಟೋ ವರ್ಷ ತಾವೇ ಬಂದು, ಮಾವನ ಕೈಯಿಂದಲೇ ಕಟ್ಟಿಸಿಕೊಂಡು ಹೋಗುತ್ತಿದ್ದವರು. ಆ ದಿನ ಮಗ ಫೋನಿನಲ್ಲಿ ಒತ್ತಿದ್ದ. ಅವರ ಅತ್ತೆಗೆ ಎಂಬತ್ತು ದಾಟಿದೆ, ಜನ್ಮದಲ್ಲಿ ಈರುಳ್ಳಿ ಬಾಯಿಗಿಟ್ಟವರಲ್ಲ. ಯಾರಾದರೂ ಗಮನಿಸುವ ಮೊದಲೇ ಅವರು ಎರಡು ಚಮಚ ಉಂಡಿದ್ದರು. ಆ ಹೆಂಗಸು ಡಬ್ಬಿ ಹಿಡಿದುಕೊಂಡು ಬಂದರು. ಕೂಗಾಡಲಿಲ್ಲ. ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, "ಭೈಯಾ, ಆಪ್ ಪೇ ಭರೋಸಾ ಥಾ," ಎಂದಷ್ಟೇ ಹೇಳಿ ಹೋದರು. ನಿಮ್ಮ ಮೇಲೆ ನಂಬಿಕೆಯಿತ್ತು ಎಂದು.

ಮಧ್ಯಾಹ್ನ ಧಣಿಗಳು ನನಗೆ ಫೋನ್ ಮಾಡಿದರು.

"ನಿಮ್ಮ ಮಾವನಿಗೆ ಇನ್ನು ಆಗ್ಲಿಕ್ಕಿಲ್ಲ ಮಾರಾಯ್ರೆ. ಹಸಿರು ಅಂದ್ರೆ ಜೈನ್, ಸಣ್ಣ ಮಕ್ಳಿಗೂ ಗೊತ್ತಾಗ್ತದೆ. ಕಣ್ಣಿನದ್ದು ಎಂತಾದ್ರೂ ತೊಂದರೆ ಉಂಟಾ ಅಂತ ನಾನೇ ಎರಡು ಸಲ ಕೇಳಿದೆ. ಕಣ್ಣಿನದ್ದಾದ್ರೆ ಸ್ಟೋರಿನಲ್ಲಿ ಕೂತ್ಕೊಳ್ಳಿ, ಅಕ್ಕಿ ಬೇಳೆ ಅಳೆದು ಕೊಡಿ ಅಂದೆ. ಇಲ್ಲ, ಕಣ್ಣು ಸರಿ ಉಂಟು, ಗಮನ ತಪ್ಪಿತು ಅಂತಾರೆ. ಗಮನವೇ ಇಲ್ಲದವರನ್ನು ಎಲ್ಲಿ ಕೂರಿಸುವುದು ಹೇಳಿ?" ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು, "ನಿಮ್ಮ ಸ್ಕ್ರೀನಿನದ್ದು ಎಂತ ತಪ್ಪೂ ಇಲ್ಲ. ನೀವು ಬೇಜಾರು ಮಾಡ್ಕೊಳ್ಬೇಡಿ."

ಮಾವ ಯಾಕೆ ಹಾಗೆ ಹೇಳಿದರು ಎಂದು ನನಗೆ ಅರ್ಥವಾಗಲಿಲ್ಲ. ಕಣ್ಣಿನದ್ದು ಎಂದಿದ್ದರೆ ಕೆಲಸ ಉಳಿಯುತ್ತಿತ್ತು, ಕೋಣೆಯೂ ಉಳಿಯುತ್ತಿತ್ತು. ಹಳೆಯ ಹಟ, ಗುಟ್ಟು ಬಿಟ್ಟುಕೊಡಲು ನಾಚಿಕೆ ಎಂದುಕೊಂಡೆ. ಅವರು ಒಂದು ಟ್ರಂಕು, ಒಂದು ಚೀಲ ಹಿಡಿದುಕೊಂಡು ಕಾಂದಿವಲಿಯ ನಮ್ಮ ಮನೆಗೆ ಬಂದರು. ನಾನು ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ.

ಧಣಿಗಳು ನನಗೆ ಫೋನ್ ಮಾಡುವ ಮೊದಲೇ, ಪರದೆ ಕೆಟ್ಟಿರಬಹುದೆಂದು ಹೋಟೆಲಿನಿಂದ ದೂರೊಂದು ಆಫೀಸಿಗೂ ಬಂದಿತ್ತು. ನಮ್ಮವರು ಪರಿಶೀಲಿಸಿ, ಪರದೆ ಬಳಸಿದವರ ತಪ್ಪು ಎಂದು ದೂರನ್ನು ಮುಚ್ಚಿದರು. ಆ ಉತ್ತರದ ಇಂಗ್ಲಿಷು ಒರಟಾಗಿದೆ, ಸ್ವಲ್ಪ ನಯ ಮಾಡಿಕೊಡಿ ಎಂದು ನನಗೇ ಕಳಿಸಿದರು. ನಾನು ನಯ ಮಾಡಿಕೊಟ್ಟೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ನನ್ನ ಮಟ್ಟಿಗೆ ಎರಡೂ ಒಂದೇ ಕೀಬೋರ್ಡಿನಲ್ಲಿ ನಡೆಯಿತು.

ಮೂರು ವಾರ ಕಳೆದು ದೊಡ್ಡ ಹೋಟೆಲ್ ಬಳಗದವರು ನಮ್ಮ ಪರದೆ ಪರೀಕ್ಷಿಸಲು ಒಬ್ಬರನ್ನು ಕಳಿಸಿದರು. ಅವರು ಕೂತು ಐದು ನಿಮಿಷವಾಗಿರಲಿಲ್ಲ, ಪಟ್ಟಿಗೆ ಬೆರಳಿಟ್ಟು ಕೇಳಿದರು, ಇದು ಬರೀ ಬಣ್ಣದ ಮೇಲೆ ನಿಂತಿದೆ, ಪದ ಎಲ್ಲಿ? ಮುಖ್ಯಸ್ಥೆ ನನ್ನನ್ನು ನೋಡಿದರು. ಆ ಸಂಜೆಯೊಳಗೆ ಪಟ್ಟಿಯ ಮೇಲೆ ಜೈನ್ ಎಂಬ ಪದ ಬಂತು. ಬಿಡಿಸುವವರಿಗೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಬಸ್ಸಿನ ಬೋರ್ಡಿನ ಹಾಗೇನೂ ಕಾಣಲಿಲ್ಲ, ಅಥವಾ ಯಾರೂ ಹಾಗೆನ್ನಲಿಲ್ಲ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ನನ್ನ ನಿಯಮವನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ವಾಪಸು ತಂದೆ. ಇವರು ಮೊದಲೇ ಹೇಳಿದ್ದರು, ನಾವು ಕೇಳಲಿಲ್ಲ ಎಂದು ಮುಖ್ಯಸ್ಥೆ ಎಲ್ಲರ ಮುಂದೆ ಧಾರಾಳವಾಗಿ ಹೇಳಿದರು. ಹತ್ತೂ ಮಂದಿ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಥ್ಯಾಂಕ್ಸ್ ಎಂದೆ.

ಆ ಚಪ್ಪಾಳೆ ಹೊತ್ತುಕೊಂಡು ಲೋಕಲಿನ ನೂಕುನುಗ್ಗಲಿನಲ್ಲಿ ಮನೆಗೆ ಬಂದೆ. ಮಾವ ಬಾಗಿಲ ಹತ್ತಿರ ಬೆಳಕಿಗೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಸುಮ್ಮನೆ ಕೂತು ಉಂಡು ಅಭ್ಯಾಸವಿಲ್ಲ, ಬೇಡವೆಂದರೂ ಕೇಳುತ್ತಿರಲಿಲ್ಲ. ಶೂ ಬಿಚ್ಚದೆ ಅವರ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಣ್ಣ ಲೆಕ್ಕ ಹಾಕಿದ್ದು ನಾನು, ನನಗೆ ಮೊದಲೇ ಕಂಡಿತ್ತು, ಆ ದಿನ ಹೋಟೆಲಿಗೆ ಬಂದದ್ದು ಅದನ್ನೇ ಹೇಳಲು.

"ಮೀಟಿಂಗಿನಲ್ಲಿ ಕೇಳಿದ್ರು ಮಾವ. ಅಂಥವರು ಯಾರಾದ್ರೂ ಗೊತ್ತಾ ಅಂತ. ನಾನು ಇಲ್ಲ ಅಂದೆ."

ಅವರು ಬೀನ್ಸ್ ಕೆಳಗಿಟ್ಟರು. ಬಯ್ಯಲಿ ಎಂದು ಕಾದೆ. ಒಂದು ಏಟು ಹೊಡೆದಿದ್ದರೂ ಬೇಕಾಗಿತ್ತು.

"ಅಂದ್ರೆ ಆಫೀಸಿನಲ್ಲಿ ನಿನ್ನದು ಈಗಲೂ ಯಾರಿಗೂ ಗೊತ್ತಿಲ್ಲ?" ಎಂದು ಕೇಳಿದರು.

"ಇಲ್ಲ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಆ ಮೂರು ವಾರದಲ್ಲಿ ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

"ಅಬ್ಬ. ನಾನು ಹೆದರಿದ್ದೇ ಅದಕ್ಕೆ. ಧಣಿಗಳು ಕಣ್ಣು ಕಣ್ಣು ಅಂತ ಕೇಳುವಾಗ ಬಾಯಿಗೆ ಬಂದಿತ್ತು ಮಾರಾಯ. ಆದ್ರೆ ನನ್ನದು ಹೇಳಿದ್ರೆ ನಿನ್ನದೂ ಹೇಳಿದ ಹಾಗೆ ಅಲ್ವಾ? ನಮ್ಮ ಊರಿನವರಿಗೆ ಅದನ್ನು ಬಿಡಿಸಿ ಹೇಳ್ಬೇಕಾ? ಅವರು ನಾಳೆಯೇ ನಿನ್ನ ಆಫೀಸಿಗೆ ಫೋನ್ ಮಾಡುವ ಜನ. ಬಣ್ಣದ ಆಫೀಸಿನಲ್ಲಿ ಇಂಥವನನ್ನು ಯಾರು ಇಟ್ಟುಕೊಳ್ತಾರೆ? ಹಾಗೆ ಗಮನ ತಪ್ಪಿತು ಅಂದುಬಿಟ್ಟೆ." ಮತ್ತೆ ಬೀನ್ಸ್ ಕೈಗೆತ್ತಿಕೊಂಡರು. "ನಿನ್ನದು ಉಳಿಯಿತಲ್ಲ, ಅಷ್ಟು ಸಾಕು. ಹೋಗು, ಕೈಕಾಲು ತೊಳೆದು ಬಾ."

ನಾನು ಎದ್ದು ಹೋಗಿ ಕೈಕಾಲು ತೊಳೆದೆ. ಮರುದಿನ ಎಂದಿನಂತೆ ಆಫೀಸಿಗೆ ಹೋದೆ. ಅಲ್ಲಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.